ಹದಿನಾಲ್ಕು ಚಹಾ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಸಂದಿ,
ಮೊಯಿದಿನಬ್ಬ ಬ್ಯಾರಿಗಳ ಚಹಾದಂಗಡಿ.
ಎರಡು ಬೆಂಚು. ಒಂದಕ್ಕೆ ಮೂರೇ ಕಾಲು,
ನಾಲ್ಕನೆಯದು ಇಟ್ಟಿಗೆ.
ನಾನಾಗ ಲೋಟ ತೊಳೆಯುವ ಹುಡುಗ.

ಎದುರಿಗೆ ಹಲ್ಲಿನ ಡಾಕ್ಟರು. ಬೋರ್ಡಿನ ಮೇಲೆ
ಕೆಂಪು ಒಸಡು, ಮೂವತ್ತೆರಡು ಬಿಳಿ ಹಲ್ಲು,
ಕೆಳಗೆ ಹೆಸರು: ಹೂ.
ಅವರಪ್ಪ ಚೀನಾದಿಂದ
ಕಾಗದದ ಹೂ ಮಾರುತ್ತ ಬಂದವನಂತೆ.
ಊರು ಹೂವಪ್ಪ ಡಾಕ್ಟ್ರು ಅಂದಿತು,
ಅವರೂ ಓಗೊಟ್ಟರು.

ಅಂಗಡಿಗೆ ಕಾನೂನು ತಂದವರು ಅವರೇ.
ಮಂಡಿಯ ತೂಕದ ಜಗಳ, ಗೋಡೆಯ ಜಗಳ,
ಸೈಕಲ್ಲು ತಾಗಿಸಿದ ಜಗಳ –
"ನಮ್ಮಜ್ಜನ ಊರಲ್ಲಿ ಇದಕ್ಕೆಲ್ಲ ಕೋರ್ಟಿಗೆ ಹೋಗಲ್ಲ,
ಚಹಾದಂಗಡಿಗೆ ಹೋಗ್ತಾರೆ.
ಇಬ್ಬರೂ ಹೇಳಬೇಕು, ಕೂತವರೆಲ್ಲ ಕೇಳಬೇಕು.
ತಪ್ಪು ಯಾರದೋ ಅವನು
ಅಷ್ಟೂ ಜನದ ಚಹಾಕ್ಕೆ ದುಡ್ಡು ಕೊಡಬೇಕು."

ಎಷ್ಟು ತೀರ್ಪು ತೊಳೆದಿದ್ದೇನೆ ಈ ಕೈಯಲ್ಲಿ!
ಗಾಡಿ ದ್ಯಾವಪ್ಪ ಮೀಸೆ ಒರೆಸಿಕೊಂಡು ಚಿಲ್ಲರೆ ಎಣಿಸಿದ್ದು;
ಏಳು ವರ್ಷ ಮಾತು ಬಿಟ್ಟಿದ್ದ
ಬಡಗಿ ರುದ್ರಾಚಾರಿ, ದರ್ಜಿ ಪೀರಾಸಾಬಿ
ನಾನು ಕೊಡ್ತೀನಿ, ಇಲ್ಲ ನಾನು, ಅಂತ
ಮತ್ತೆ ಕುತ್ತಿಗೆಪಟ್ಟಿ ಹಿಡಿದದ್ದು.
ಅವತ್ತು ಬ್ಯಾರಿಗಳು ಇಬ್ಬರ ಹತ್ತಿರವೂ ತಗೊಂಡರು.

ಆಮೇಲೆ ಆ ಕಾರ್ತಿಕ. ರೇಡಿಯೋದಲ್ಲಿ
ಗಡಿ, ಹಿಮ, ಸತ್ತವರ ಲೆಕ್ಕ.
ಬೋರ್ಡಿನ ಹಲ್ಲಿಗೆ ಯಾರೋ ಡಾಂಬರು ಬಳಿದರು.
ಡಾಕ್ಟರು ಇಟ್ಟಿಗೆಯ ಬದಿ ಕೂತರೆ
ಆ ಬದಿ ಖಾಲಿಯಾಗಿ
ಬೆಂಚು ಅವರೊಬ್ಬರ ಭಾರಕ್ಕೆ ವಾಲುತ್ತಿತ್ತು.
ಒಂದು ಸಂಜೆ ಬ್ಯಾರಿಗಳು ಸಕ್ಕರೆ ಡಬ್ಬಿಗೆ ಮುಖ ಮಾಡಿ,
"ನಾಳೆಯಿಂದ ಬರಬೇಡಿ ಡಾಕ್ಟ್ರೇ.
ಜನ... ನಂಗೂ ಮಕ್ಕಳಿವೆ."

ಇಬ್ಬರೂ ಹೇಳಬೇಕು ಅನ್ನುವ ಕಾನೂನು
ಯಾರಿಗೂ ನೆನಪಾಗಲಿಲ್ಲ.
ಅವರು ಚಹಾ ಮುಗಿಸಿದರು, ತಳದ ಪುಡಿಯವರೆಗೆ.
ಎದ್ದು ತಲೆ ಎಣಿಸಿದರು, ನನ್ನನ್ನೂ ಸೇರಿಸಿ:
ಹದಿನಾಲ್ಕು.
ಒಂದು ರೂಪಾಯಿ ನಲವತ್ತು ಪೈಸೆ
ಗಲ್ಲಾದ ಮೇಲಿಟ್ಟು ಹೋದರು.

ತಪ್ಪೊಪ್ಪಿದ್ದೋ, ತೀರ್ಪು ಕೊಟ್ಟದ್ದೋ.
ಬ್ಯಾರಿಗಳು ಆ ದುಡ್ಡು ಮುಟ್ಟಲಿಲ್ಲ.
ದಿನಾ ಬೆಳಿಗ್ಗೆ ನಾನೇ ಎತ್ತಿ, ಧೂಳು ಒರೆಸಿ,
ಅಲ್ಲೇ ಇಡುತ್ತಿದ್ದೆ.
ಈಗ ಅಲ್ಲಿ ಮೊಬೈಲ್ ಕವರಿನ ಅಂಗಡಿ.

ಅವತ್ತು ನಾನು ಚಹಾ ಕುಡಿದಿರಲಿಲ್ಲ.
ಲೆಕ್ಕಕ್ಕೆ ಹತ್ತು ಪೈಸೆ ಹೆಚ್ಚಾಯಿತು ಡಾಕ್ಟ್ರೇ ಅಂತ
ಹಿಂದೆ ಓಡಿಹೋಗಿ ಹೇಳಬಹುದಿತ್ತು.
ಕೈ ಒದ್ದೆಯಿತ್ತು.