ಬೆರಕೆ

ಕೈಗೆ ಬಂದದ್ದನ್ನೆಲ್ಲ ಮೊದಲು ತೂಗುವುದು
ನಲವತ್ತು ವರ್ಷದ ಚಾಳಿ.
ಕುಂಪಟಿಯ ಆರಿದ ಬೂದಿಯಲ್ಲಿ ಸಿಕ್ಕಿದ ಮರಿಯನ್ನೂ
ಹಾಗೇ ತಟ್ಟೆಗಿಟ್ಟೆ:
ನಾನೂರ ಹನ್ನೆರಡು ಗ್ರಾಂ,
ಬಿಂದುವಿನಾಚೆಯ ಅಂಕಿ ನಿಲ್ಲಲೇ ಇಲ್ಲ.
ಉಸಿರಾಡುತ್ತಿತ್ತಲ್ಲ.

ಕೆ.ಟಿ. ಸ್ಟ್ರೀಟಿನ ಆರಡಿ ಅಂಗಡಿ ನನ್ನದು.
ಮೂಗುಬೊಟ್ಟಿಗೆ ತಿರುಪು, ತುಂಡಾದ ಸರಕ್ಕೆ ಬೆಸುಗೆ,
ಈಗ ಬರುವ ಕೆಲಸ ಇಷ್ಟೇ. ಹೊತ್ತಿಗೇನೂ ಬರವಿಲ್ಲ.
ಮರಿಯ ಮುಂಗಾಲೆರಡೂ ಸೊಟ್ಟ.
ತಂತಿಯಾಗಿದ್ದರೆ ಕಾಯಿಸಿ, ಕಂಬಚ್ಚಿನಲ್ಲಿ ಎಳೆದು
ಮಧ್ಯಾಹ್ನದೊಳಗೆ ನೆಟ್ಟಗೆ ಮಾಡಿಬಿಡುತ್ತಿದ್ದೆ.

"ಏನು ಹಾಕ್ತಿದ್ದೀರಿ?" ಅಂದರು ಡಾಕ್ಟರ್ ಪೊನ್ನಮ್ಮ.
ಹಾಲು, ಮೊಸರನ್ನ, ಆಮೇಲೆ
ಬೆಕ್ಕಲ್ಲವೇ, ಮತ್ತೆ ಹಾಲು.
ಅವರು ಮರಿಯ ಬಾಲವೆತ್ತಿ ನೋಡಿದರು,
ಆಮೇಲೆ ನನ್ನನ್ನು ನೋಡಿದರು.
ಹಾಲು ಇದಕ್ಕೆ ಅರಗುವುದಿಲ್ಲವಂತೆ, ಬರೀ ಭೇದಿ.
ಕಣ್ಣುಮುಚ್ಚಿ ಹಾಲು ಕುಡಿವ ಬೆಕ್ಕಿನ ಗಾದೆ ಹೇಳಿಕೊಂಡೇ
ಕೂದಲು ಹಣ್ಣಾಯಿತು;
ಕಣ್ಣು ಮುಚ್ಚಿದ್ದು ಯಾರು?

"ಹಾಗಾದರೆ ಮಾಂಸ?" ಎಂದೆ, ದನಿ ತಗ್ಗಿಸಿ.
ಬರೀ ಮಾಂಸ ಹಾಕಿದರೂ ಮೂಳೆ ಸವೆಯುತ್ತದಂತೆ.
ಸುಣ್ಣ ಬೇಕು, ರಂಜಕ ಬೇಕು,
ಒಂದಕ್ಕೊಂದು ಹದವಾದ ಬೆರಕೆಯಲ್ಲಿ.
ಬೆರಕೆ ಅಂದದ್ದೇ ನನಗೆ ತಿಳಿಯಿತು:
ತಾಮ್ರ ಹೆಚ್ಚಾದ ಬಳೆ ಬಿರುಕು ಬಿಡುತ್ತದೆ,
ಇಲ್ಲದ ಬಳೆ ಕೈಯಲ್ಲೇ ಬಗ್ಗುತ್ತದೆ.

ಪೊಟ್ಟಣಗಳ ಬೆನ್ನು ಓದಲು
ಹರಳು ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ.
ಮುಂದೆ ಕೊಬ್ಬಿದ ಬೆಕ್ಕಿನ ಚಿತ್ರ,
ಹಿಂದೆ ಇರುವೆಸಾಲಿನ ಅಕ್ಷರ.
ಒಂದರಲ್ಲಿ ಮೊದಲು ಜೋಳ, ಆಮೇಲೆ ಗೋಧಿ,
ಕೋಳಿ ಎಲ್ಲೋ ಬಾಲದಲ್ಲಿ.
ಇನ್ನೊಂದರಲ್ಲಿ ಬಣ್ಣ. ಬೆಕ್ಕಿಗೆ ಯಾತಕ್ಕೆ ಬಣ್ಣ?
ಇಪ್ಪತ್ತೆರಡು ಕ್ಯಾರೆಟ್ಟೆಂದರೆ
ಒರೆಗಲ್ಲಿಗೆ ಉಜ್ಜಿ ಹೇಳಬಲ್ಲೆ.
ಪ್ರೋಟೀನು ಮೂವತ್ತೈದು ಅಂದರೆ
ಯಾವ ಕಲ್ಲಿಗೆ ಉಜ್ಜಲಿ?
ಕೊನೆಗೆ, ಕೋಳಿಯ ಹೆಸರು ಮೊದಲಿದ್ದ,
ಬೆಳೆಯುವ ಮರಿಗೆ ಸಂಪೂರ್ಣ ಆಹಾರ ಎಂದಿದ್ದ,
ಡಾಕ್ಟರು ತಲೆದೂಗಿದ ಒಂದು ಸಣ್ಣ ಪೊಟ್ಟಣ.
ಬೆಲೆ ಕೇಳಿ
ಎಷ್ಟು ಮೂಗುಬೊಟ್ಟು ಎಂದು ಲೆಕ್ಕ ಹಾಕಿದೆ.

ಸರ್ವಮಂಗಳ ಹೊಸಿಲಲ್ಲೇ ತಡೆದಳು:
"ಕೋಳಿ ಅಂತ ಬರೆದಿರೋದು ಒಳಗೆ ಬರಕೂಡದು.
ಕಾಳಿಕಾಂಬೆ ಪಟ ಇರೋ ಮನೆ."
ಸರಿ, ಅಂಗಡಿಯಲ್ಲೇ ಇಟ್ಟೆ, ಅರಗಿನ ಡಬ್ಬಿಯ ಪಕ್ಕ.
ಬಿಸಿನೀರಲ್ಲಿ ನೆನೆಸಿ, ಹಿಸುಕಿ,
ಒಂದು ಹೊತ್ತಿಗೆ ಇಷ್ಟೇ ಗ್ರಾಂ ಎಂದು
ಒಡವೆಯ ತಟ್ಟೆಯಲ್ಲೇ ತೂಗಿ;
ಬಂದ ಒಬ್ಬಿಬ್ಬರು ಗಿರಾಕಿಗಳು ಮೂಗು ಮುಚ್ಚಿಕೊಂಡರು.
ಮರಿ ಮೂಸಿತು. ನನ್ನ ಬೆರಳು ಮಾತ್ರ ನೆಕ್ಕಿತು.
ಮಾರನೆಯ ದಿನವೂ ಬೆರಳೇ.
ಹಾಗಾದರೆ ಬೆರಳಿಂದಲೇ ತಿನ್ನು ಎಂದು
ಟಾಂಕಿ ಕೆಳಗಿಟ್ಟು ಕೂತೆ, ಹನ್ನೊಂದು ದಿನ.

ಭಾನುವಾರ ಅಂಗಡಿ ಬಾಗಿಲ ಕೀಲಿಕೈ ಹುಡುಕುತ್ತಿದ್ದರೆ
"ಹಿತ್ತಲ ಕಲ್ಲಿನ ಮೇಲೆ ಹಳೇ ಬಟ್ಟಲು ಇಟ್ಟಿದೀನಿ"
ಅಂದಳು, ಗೋಡೆಯ ಕಡೆ ತಿರುಗಿ.
"ಒಳಗೆ ಮಾತ್ರ ತರಬೇಡಿ."

ಕಾಲು ಪೂರಾ ನೆಟ್ಟಗಾಗಲಿಲ್ಲ.
ಆಗುವುದೂ ಇಲ್ಲವಂತೆ.
ಸೊಟ್ಟಗೇ ಓಡಿ, ಬಿದ್ದ ತಿರುಪನ್ನು
ಬೀರುವಿನಡಿಗೆ ಉರುಳಿಸಿ ನನ್ನ ಮುಖ ನೋಡುತ್ತದೆ.

ಇವತ್ತು ಬೆಳಿಗ್ಗೆ ತಟ್ಟೆಗಿಟ್ಟರೆ
ಅಂಕಿಯೇ ಇಲ್ಲ, ಬರೀ ನಾಲ್ಕು ಅಡ್ಡಗೆರೆ.
ಕೆಟ್ಟಿತೇನೋ ಎಂದು ತಟ್ಟಿದೆ, ಒರೆಸಿದೆ,
ಮರಿಯನ್ನಿಳಿಸಿದೆ: ಸೊನ್ನೆ.
ಆಮೇಲೆ ನೆನಪಾಯಿತು,
ಆರುನೂರರ ಆಚೆ ಈ ತಕ್ಕಡಿಗೆ ಗೊತ್ತಿಲ್ಲ.
ಅಷ್ಟು ಬಂಗಾರ
ಈ ಅಂಗಡಿಗೆ ಯಾವತ್ತೂ ಬಂದಿರಲಿಲ್ಲ.

ನಾಳೆಯಿಂದ ಎದುರಿನ ಚೌಡಪ್ಪನನ್ನು ಕೇಳಬೇಕು,
ಬೆಲ್ಲ ತೂಗಿ ಮುಗಿದ ಮೇಲೆ.