ಕಲ್ಲಂಗಡಿ

ಸಾನ್ ಕಾರ್ಲೋಸಿನಿಂದ ಬೆಳಗಿನ ಆರಕ್ಕೇ ಹೊರಟರೂ
ಮರದ ದಿಮ್ಮಿ ಹೊತ್ತ ಲಾರಿಗಳ ಬೆನ್ನು ನೋಡುತ್ತ ನೋಡುತ್ತ
ಕಡಲು ಕಂಡಾಗ ಹತ್ತೂವರೆ.
ಅಷ್ಟು ಹೊತ್ತೂ ಅಪ್ಪ ಅಮ್ಮ ಆಡಿದ್ದು ಎರಡೇ ಮಾತು:
"ಕಿಟಕಿ."
"ಮುಚ್ಚಿದೆ."

ಮರಳಿದ್ದ ಕಡೆಗೆ ಹೋಗಬಹುದಿತ್ತು,
ಛತ್ರಿ, ಐಸ್‌ಕ್ರೀಮು, ಬಾಡಿಗೆ ಕುರ್ಚಿ ಇದ್ದ ಕಡೆಗೆ.
ಕೂರುವುದಕ್ಕೂ ಬಾಡಿಗೆಯೇ ಎಂದು ಅಪ್ಪ
ಕೊಬ್ಕೆಕುರಾ ದಾಟಿಸಿ, ಡಾಂಬರನ್ನೂ ದಾಟಿಸಿ
ನೆಲ ಹಲ್ಲು ಕಿರಿದಲ್ಲಿ ವ್ಯಾನು ನಿಲ್ಲಿಸಿದ.

ಕಲ್ಲು. ಬರೀ ಕಲ್ಲು.
ಸುಟ್ಟ ಬ್ರೆಡ್ಡಿನಂತೆ ಬಿರಿದದ್ದು,
ನಡುವೆ ತೂತಾಗಿ ಗಾಳಿಗೆ ಸಿಳ್ಳೆ ಹಾಕುವಂಥದು,
ಯಾರೋ ಅಂಗಡಿ ತೆರೆದು
ಸಂಜೆ ಬಾಗಿಲು ಹಾಕುವುದನ್ನೇ ಮರೆತು ಹೋದಂತೆ.
ದೂರದ ಬಂಡೆಯ ಮೇಲೆ ಕಡಲಸಿಂಹಗಳು
ಪಿಂಚಣಿ ತಡವಾದ ಮುದುಕರ ಹಾಗೆ ಗೊಣಗುತ್ತಿದ್ದವು.

ದಾರಿಬದಿಯ ಸುನಾಮಿ ಫಲಕದಲ್ಲಿ ಬಿಳಿಯ ಮನುಷ್ಯನೊಬ್ಬ
ಬೆನ್ನಟ್ಟಿ ಬಂದ ಬಿಳಿಯ ಅಲೆಗೆ ಹೆದರಿ ಗುಡ್ಡ ಹತ್ತುತ್ತಿದ್ದ.
ತಮ್ಮ ಎಲಿಯೇಸರ್ ಪಕ್ಕದಲ್ಲಿ ನಿಂತು
ಅವನಂತೆಯೇ ಒಂದು ಕಾಲೆತ್ತಿದ. ನಕ್ಕೆವು.
ಅಜ್ಜಿ ಒತಿಲಿಯಾ ನಗಲಿಲ್ಲ.
ಅಂಥದೇ ಗುಡ್ಡವನ್ನು ಒಂದು ರಾತ್ರಿ
ಬರಿಗಾಲಲ್ಲಿ, ಪಕ್ಕದ ಮನೆಯ ಕೂಸನ್ನೆತ್ತಿಕೊಂಡು ಹತ್ತಿದವಳು.
"ನಾನು ಇಲ್ಲೇ" ಅಂದಳು, ವ್ಯಾನಿನಲ್ಲೇ.
ಮೂತಿ ಗುಡ್ಡದ ಕಡೆಗಿರಲಿ ಎಂದು
ಅಪ್ಪನ ಕೈಲಿ ಗಾಡಿ ತಿರುಗಿಸಿ ನಿಲ್ಲಿಸಿಕೊಂಡಳು.

ಕಲ್ಲಂಗಡಿ ಹಣ್ಣನ್ನು ತಣ್ಣಗಾಗಲೆಂದು
ಬಂಡೆಗಳ ನಡುವಿನ ಹೊಂಡದಲ್ಲಿ ಮುಳುಗಿಸಿಟ್ಟೆವು.
ಮೊಟ್ಟೆ ಸುಲಿದೆವು. ಉಪ್ಪಿನ ಪೊಟ್ಟಣ ಗಾಳಿಗೆ ಹಾರಿತು.
ಅಕ್ಕ ಹಾಸಿಂತಾ ಪಾಚಿಯ ಮೇಲೆ ಜಾರಿ
ಮೊಣಕೈ ತರಚಿಕೊಂಡು, ಅತ್ತು, ಏಡಿಯೊಂದನ್ನು ಕಂಡು ಸುಮ್ಮನಾದಳು.
ನೀರೋ, ಹಲ್ಲು ಜುಂ ಎನ್ನುವಷ್ಟು ತಣ್ಣಗೆ.

ಮೂರು ಗಂಟೆಗೆ ಅಪ್ಪ ಜೇಬು ತಟ್ಟಿಕೊಂಡ.
ಮತ್ತೆ ತಟ್ಟಿಕೊಂಡ. ಕೀಲಿಕೈ ಇಲ್ಲ.

ಆಮೇಲೆ ಇಡೀ ಸಂಸಾರ ಮಂಡಿಯೂರಿ
ಹೊಂಡ ಹೊಂಡಕ್ಕೂ ಕೈಹಾಕಿತು.
ಸಿಕ್ಕಿದ್ದೆಲ್ಲ ಕೈಯನ್ನೇ ಹಿಡಿಯುವಂಥದು:
ಮುಟ್ಟಿದರೆ ಬೆರಳು ಚೀಪುವ ಹಸಿರು ಹೂವು,
ಐದು ಕಾಲಿನಲ್ಲಿ ನಾಲ್ಕೇ ಉಳಿದ ನಕ್ಷತ್ರ.
"ಬಲಗಡೆ ನೋಡು ಎದೆಲ್ಮಿರಾ," ಅಂದ ಅಪ್ಪ.
ಮೂರು ವಾರದಲ್ಲಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.
"ನೋಡಿದೆ ನಿಬಾಲ್ದೊ. ನಿನ್ನ ತಲೆ ಇಲ್ಲೂ ಇಲ್ಲ," ಅಂದಳು ಅಮ್ಮ.

ಅಷ್ಟರಲ್ಲಿ ಕಡಲು ಏರಿತ್ತು.
ಒಂದು ಅಲೆ ಬಂದು, ಅವಸರವಿಲ್ಲದೆ,
ಹೊಂಡದಿಂದ ಕಲ್ಲಂಗಡಿಯನ್ನೆತ್ತಿಕೊಂಡು ಹೋಯಿತು.
ಎಲಿಯೇಸರ್ ಕಿರುಚಿದ. ಅಪ್ಪ ಸೊಂಟದವರೆಗೂ ಇಳಿದ,
ಅಮ್ಮ ಅವನ ಅಂಗಿಯ ಹಿಂಬದಿ ಬಿಗಿಯಾಗಿ ಹಿಡಿದಿದ್ದಳು.
ದುಂಡಗೆ, ಹಸಿರಾಗಿ, ಮುಳುಗದೆ
ಅದು ಕಡಲಸಿಂಹಗಳ ಕಡೆಗೆ ತೇಲಿತು.
ಕೊಚಾಯುಯೊ ಕೊಯ್ಯಲು ಬಂದಿದ್ದ ಮನುಷ್ಯ
ಹೆಗಲ ಮೇಲೆ ಒದ್ದೆ ಬಳ್ಳಿಯ ಹೊರೆ ಹೊತ್ತು ನಿಂತು ನೋಡಿ
"ಹೋದದ್ದು ಹೋಯ್ತು," ಎಂದು
ನಮಗೊಂದು ಕಟ್ಟು ಬಳ್ಳಿ ಕೊಟ್ಟ.

ಕತ್ತಲಾಗುವ ಹೊತ್ತಿಗೆ ಸೋತು ಮೇಲೆ ಬಂದರೆ
ಚಾಲಕನ ಸೀಟಿನಲ್ಲಿ ಅಜ್ಜಿ.
ಕೀಲಿಕೈ ಅದರ ತೂತಿನಲ್ಲಿ. ಅದರ ಮೇಲೆ ಅವಳ ಕೈ.
ಬೆಳಗಿನಿಂದ ಹಾಗೆಯೇ ಕೂತಿದ್ದಳಂತೆ,
ಯಾವ ಗಳಿಗೆಗೆ ಬೇಕಾದರೂ ಹೊರಡಲು ಸಿದ್ಧವಾಗಿ,
ಗಾಡಿ ಓಡಿಸಲು ಬಾರದವಳು.

ಅಪ್ಪ ಬಾಯಿ ತೆರೆದ. ಅಮ್ಮ ಅವನ ತೋಳು ಚಿವುಟಿದಳು.
"ಒಳ್ಳೇದಾಯ್ತು ಅತ್ತೆ," ಅಂದಳು, "ಈಗ ಸ್ವಲ್ಪ ಸರಿಯಿರಿ."

ಆ ವ್ಯಾನು ಮಾರಿದ್ದು ಆರು ವರ್ಷದ ಮೇಲೆ.
ಕೊಳ್ಳಲು ಬಂದವನು ಮೂಗರಳಿಸಿ
ಇದೇನು ವಾಸನೆ ಎಂದು ಕೇಳಿದ;
ಅಪ್ಪ ಸಾವಿರ ಪೆಸೊ ಇಳಿಸಿದ, ಹೇಳಲಿಲ್ಲ.
ಎಲಿಯೇಸರನಿಗೆ ಈಗ ಮೀಸೆ.
ಯಾವ ಕಡಲಿಗೆ ಹೋದರೂ ಮೊದಲು
ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಾನೆ.
ಏನೆಂದು ನಾವು ಕೇಳುವುದಿಲ್ಲ.