ಹಗ್ಗ ಹಿಡಿದಾವ

ಬಾಗಲಕೋಟಿ ಹಿನ್ನೀರು, ಬೆಳಗಿನ ಆರು.
ದಾನೇಶ್ವರಿ ಮೂಗಿಗೆ ಕ್ಲಿಪ್ ಹಾಕಿ
ಕಡೀ ಉಸಿರು ತಗೊಂಡು
ಮುಳುಗಿದಳು.

ಹಗ್ಗ ನನ್ನ ಬೆರಳಾಗ.
ಐದು ಮೀಟರಿಗೊಂದು ಕೆಂಪು ಅರಿವಿ ಗಂಟು,
ಮೂರು ದಾಟ್ಯಾವ.

ಇಪ್ಪತ್ತೆರಡು ವರ್ಷ ಇದೇ ನೀರಾಗ ಇಳದೀನಿ,
ಪೊಲೀಸರು ಕರೆದಾಗ.
ಮ್ಯಾಲೆ ತಂದವರು ಯಾರೂ
ನನ್ನ ಮಾತಾಡಿಸಿದ್ದಿಲ್ಲ.

ಈಕಿ ಮೆಡಲಿಗಂತ ಇಳೀತಾಳ.
"ಎದಿ ಒದ್ಯಾಡತೈತಿ ಕಾಕಾ, ಅದು ಬರೇ ಸುಳ್ಳು,
ಗಾಳಿ ಇನ್ನೂ ಇರತೈತಿ" ಅಂತಾಳ.
ನನ್ನೆದಿಗಿ ಯಾರು ಹೇಳಬೇಕು?

ಎರಡು ನಿಮಿಷ. ಮ್ಯಾಲೆ ಹತ್ತು ಸೆಕೆಂಡ್.
ದೋಣಿ ಅಂಚಿಗೆ ಮಿಂಚುಳ್ಳಿ ಕೂತು ಹಾರಿತು.
ಹಗ್ಗ ಒಮ್ಮೆ ಜಗ್ಗಿತು.

ನೀರು ಒಡದು ತಲಿ ಬಂತು,
ತುಟಿ ನೀಲಿ, ಬೆರಳಿಂದ ಸನ್ನೆ:
ಚೊಲೋ ಅದೀನಿ.

"ಎಷ್ಟಾತು, ದಾವಲ ಕಾಕಾ?"

ಗಡಿಯಾರ ನಿಲ್ಲಸೂದ ಮರತಿದ್ದೆ.